ಎಂಟು ಚಾನೆಲ್ ನಾಲ್ಕಾದ ಕಾಲ

1980ರ ದಶಕದ ಕೊನೆಯಲ್ಲಿ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡುಗಳಿಗೆ ನಾವು ಟೆಂಪರೇಚರ್ ಪ್ಯಾನೆಲ್ ಮಾಡಿಕೊಡುತ್ತಿದ್ದೆವು. ಚಿಪ್ಪುಗಳನ್ನು ತರುತ್ತಿದ್ದುದು ಎಸ್.ಪಿ. ರೋಡಿನಿಂದ. ಎಂಟು ಫರ್ನೇಸುಗಳ ಥರ್ಮೋಕಪಲ್‌ಗಳ ಪ್ಲಸ್ ವೈರುಗಳೆಲ್ಲ, ಎಂಟರಲ್ಲಿ ಒಂದೊಂದನ್ನೇ ಆರಿಸಿ ಮುಂದಕ್ಕೆ ಕಳಿಸುವ ಸಿಡಿ 4051 ಚಿಪ್ಪಿಗೆ, ಮೈನಸ್ ವೈರುಗಳೆಲ್ಲ ಒಟ್ಟಾಗಿ ಪ್ಯಾನೆಲಿನ ಗ್ರೌಂಡಿಗೆ. ಅಲ್ಲಿಂದ ಒಂದು ಆಂಪ್ಲಿಫೈಯರು, ಆಮೇಲೆ ಐಸಿಎಲ್ 7109 ಎಡಿಸಿ. ಸಿಂಗಲ್ ಎಂಡೆಡ್ ಎಂದರೆ ಇದೇ. ಒಂದೇ ಚಿಪ್ಪಿನಲ್ಲಿ ಎಂಟು ಫರ್ನೇಸು ಮುಗಿಯುತ್ತಿದ್ದರಿಂದ ಗಿರಾಕಿಗೂ ಅಗ್ಗ. 7109ಕ್ಕೆ ಪ್ಲಸ್, ಮೈನಸ್ ಎಂದು ಎರಡು ಇನ್‌ಪುಟ್ ಇದ್ದರೂ ಮೈನಸ್ ಅನ್ನು ಗ್ರೌಂಡಿಗೆ ಕಟ್ಟುವುದೇ ರೂಢಿಯಾಗಿತ್ತು.

"ಸಾರ್, ಪಕ್ಕದಲ್ಲಿ ವೆಲ್ಡಿಂಗ್ ಶುರುವಾದ್ರೆ ಮೀಟರ್ ಕುಣಿಯುತ್ತೆ" ಎಂಬ ದೂರು ಶೆಡ್ಡು ಶೆಡ್ಡಿನಿಂದಲೂ ಬರುತ್ತಿತ್ತು. ಕಾರಣ ವೈರಿಂಗಿನಲ್ಲೇ ಇತ್ತು. ಥರ್ಮೋಕಪಲ್ಲಿನ ತುದಿ ಫರ್ನೇಸಿನ ಲೋಹದ ಮೈಗೆ ತಾಗಿ ಅಲ್ಲೊಂದು ಗ್ರೌಂಡ್ ಆಗುತ್ತಿತ್ತು, ಪ್ಯಾನೆಲಿನಲ್ಲಿ ಇನ್ನೊಂದು. ವೆಲ್ಡಿಂಗಿನ ಕರೆಂಟು ಹರಿದಾಗ ಈ ಎರಡರ ವೋಲ್ಟೇಜು ಒಂದೇ ಇರುತ್ತಿರಲಿಲ್ಲ. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. 800 ಡಿಗ್ರಿಗೆ 33 ಮಿಲಿವೋಲ್ಟ್. ಗ್ರೌಂಡಿನಲ್ಲಿ ಒಂದೇ ಮಿಲಿವೋಲ್ಟ್ ಏರುಪೇರಾದರೂ ಮೀಟರಿನಲ್ಲಿ 24 ಡಿಗ್ರಿ ವ್ಯತ್ಯಾಸ. ಅದನ್ನು ನಂಬಿ ಹದ ಮಾಡಿದ ಗೇರು ಕೈಕೊಡದೆ ಇರುತ್ತದೆಯೇ?

ಬರಬರುತ್ತ 4051 ಇದ್ದ ಜಾಗಕ್ಕೆ 4052 ಬಂತು. ಅದಕ್ಕೂ ಹದಿನಾರೇ ಪಿನ್ನು. ಆದರೆ ಪ್ಲಸ್ ಜೊತೆ ಮೈನಸ್ಸನ್ನೂ ಬದಲಿಸುವುದರಿಂದ ಎಂಟರ ಬದಲು ನಾಲ್ಕೇ ಚಾನೆಲ್. ಎರಡೂ ವೈರುಗಳಲ್ಲಿ ಸಮನಾಗಿ ಬಂದ ಗದ್ದಲ ಕಳೆದುಹೋಗಿ ಥರ್ಮೋಕಪಲ್ಲಿನ ವೋಲ್ಟೇಜಷ್ಟೇ ಉಳಿಯುವುದು ಡಿಫರೆನ್ಷಿಯಲ್ ಪದ್ಧತಿಯ ಗುಣ. ಚಿಪ್ಪಿನ ಖರ್ಚು ಇಮ್ಮಡಿಯಾಯಿತೆಂದು ಗೊಣಗಿದ ಗಿರಾಕಿಗಳೇ, ವೆಲ್ಡಿಂಗ್ ನಡೆಯುತ್ತಿರುವಾಗಲೂ ಅಂಕಿ ಅಲುಗದೆ ನಿಂತದ್ದು ಕಂಡು ಹಳೆಯ ಪ್ಯಾನೆಲುಗಳನ್ನೂ ಬದಲಿಸಿಕೊಂಡರು.

ಈಗ ಬೆರಳಗಲದ ಎಡಿಎಸ್ 1115 ಬೋರ್ಡಿನಲ್ಲಿ ಹದಿನಾರು ಬಿಟ್ಟಿನ ಎಡಿಸಿಯೂ ಆಂಪ್ಲಿಫೈಯರೂ ಒಟ್ಟಿಗೇ ಇವೆ. ಲೆಕ್ಕ ಮಾತ್ರ ಹಳೆಯದೇ: ಸಿಂಗಲ್ ಎಂಡೆಡ್ ಆದರೆ ನಾಲ್ಕು ಚಾನೆಲ್, ಡಿಫರೆನ್ಷಿಯಲ್ ಆದರೆ ಎರಡು. ಇನ್ನೊಂದು ನಿಯಮವೂ ಬದಲಾಗಿಲ್ಲ. ಡಿಫರೆನ್ಷಿಯಲ್ ಎಂದಮಾತ್ರಕ್ಕೆ ಗ್ರೌಂಡಿನ ಚಿಂತೆ ತಪ್ಪದು. ಎರಡೂ ಇನ್‌ಪುಟ್‌ಗಳು ಚಿಪ್ಪಿನ ಗ್ರೌಂಡಿಗೂ ಸಪ್ಲೈಗೂ ನಡುವೆಯೇ ಇರಬೇಕು.

ಹತ್ತಿರದ ಪೊಟೆನ್ಷಿಯೋಮೀಟರ್ ಓದಲು ಸಿಂಗಲ್ ಎಂಡೆಡ್ ಧಾರಾಳ ಸಾಕು. ದೂರದ ಸೆನ್ಸರು, ಸಣ್ಣ ವೋಲ್ಟೇಜು, ಪಕ್ಕದಲ್ಲಿ ಮೋಟರು ಇದ್ದಲ್ಲಿ ಚಾನೆಲ್ ಉಳಿಸಲು ಹೋಗಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೋಡ್ ಬರೆಯುವ ಮೊದಲು ಸೆನ್ಸರಿನ ಎರಡನೆಯ ವೈರು ಎಲ್ಲಿಗೆ ಹೋಗಿದೆ ಎಂದು ನೋಡಲಿ.