ಕಂಬುಜ ದೇಶದ ಯಾತ್ರೆಯೂ ಇ-ಸಿಮ್ ಎಂಬ ಸಾಧನವೂ

ಅಂಕೋರ್ ವಾಟ್ ದೇವಾಲಯವನ್ನು ನೋಡಿ ಬಂದವರನ್ನು ಮಿತ್ರರು ಕೇಳತಕ್ಕ ಪ್ರಶ್ನೆಗಳು ಹಲವು. ದಾರಿ ಯಾವುದು, ಊಟಕ್ಕೇನು ಗತಿ, ಎಷ್ಟು ಹಣ ಬೇಕು ಎಂಬುವು ಸಾಮಾನ್ಯವಾದುವು. ಆದರೆ ನಾವು ಹಿಂದಿರುಗಿದ ಮೇಲೆ ನಮ್ಮ ಬೀದಿಯ ಹಿರಿಯರು ಹೆಚ್ಚಾಗಿ ಕೇಳಿದ ಪ್ರಶ್ನೆಯೇ ಬೇರೆ. "ಮೇಷ್ಟ್ರೇ, ಅಷ್ಟು ದೂರದಿಂದ ದಿನವೂ ಮನೆಯವರೊಡನೆ ಮಾತನಾಡುತ್ತಿದ್ದಿರಂತೆ, ಫೋನಿಗೆ ಏನು ಏರ್ಪಾಡು ಮಾಡಿಕೊಂಡಿರಿ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡುವುದು ಲೇಸೆಂದು ತೋರಿತು. ಮಕ್ಕಳ ನೆರವನ್ನು ಕಾಯದೆ ತಾವಿಬ್ಬರೇ ಪರದೇಶಕ್ಕೆ ಹೊರಡಬೇಕೆಂದಿರುವ ದಂಪತಿಗಳಿಗೆ ಇದರಿಂದ ಅಷ್ಟಿಷ್ಟು ಪ್ರಯೋಜನವಾದೀತು.

ನಾನೂ ನನ್ನ ಸಹಧರ್ಮಿಣಿಯೂ ಹೊರಟದ್ದು ೨೦೨೫ರ ಜನವರಿಯಲ್ಲಿ. ಬೆಂಗಳೂರಿನಿಂದ ಸಿಂಗಪುರಕ್ಕೂ ಅಲ್ಲಿಂದ ಕಾಂಬೋಡಿಯದ ಸಿಯೆಮ್ ರೀಪ್ ಪಟ್ಟಣಕ್ಕೂ ವಿಮಾನದಲ್ಲಿ ಹೋಗಿ, ಹಿಂದಿರುಗುವಾಗ ಸಿಂಗಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಎರಡು ದಿನ ತಂಗುವುದೆಂದು ನಿಶ್ಚಯವಾಗಿದ್ದಿತು. ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಯೇ ಆಯುಸ್ಸನ್ನು ಕಳೆದವನಿಗೆ ಆ ದೇಶದ ಮೇಲೆ ಬಹುಕಾಲದಿಂದ ಕಣ್ಣು. ಕಂಬುಜದ ಅರಸರು ಶತಮಾನಗಳವರೆಗೆ ಸಂಸ್ಕೃತ ಶ್ಲೋಕಗಳಲ್ಲಿ ಶಾಸನಗಳನ್ನು ಕೆತ್ತಿಸಿದರು. ಅಂಕೋರ್ ಎಂಬ ಹೆಸರೇ ನಮ್ಮ 'ನಗರ' ಶಬ್ದದಿಂದ ಬಂದುದು. ಅಲ್ಲಿಯ ಖ್ಮೇರ್ ಲಿಪಿಯು ಪಲ್ಲವರ ಲಿಪಿಯ ಸಂತತಿ; ನಮ್ಮ ಕನ್ನಡ ಲಿಪಿಯು ಕದಂಬರ ಲಿಪಿಯ ಸಂತತಿ; ಎರಡಕ್ಕೂ ಮೂಲಮಾತೆ ಬ್ರಾಹ್ಮಿಯೇ. ಆದುದರಿಂದ ಅಲ್ಲಿಯ ಅಕ್ಷರಗಳನ್ನು ಕಂಡಾಗ ಊರು ಬಿಟ್ಟುಹೋದ ದಾಯಾದಿಗಳ ಮಕ್ಕಳನ್ನು ಕಂಡಂತಾಗುತ್ತದೆ. ಮುಖದ ಹೋಲಿಕೆ ತಿಳಿಯುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಸಿಮ್ ಕಾರ್ಡನ್ನು ಮೊದಲು ಮಾಡಿದವರು ಜರ್ಮನಿಯ ಮ್ಯೂನಿಕ್ ನಗರದ ಗೀಸೆಕೆ ಮತ್ತು ಡೆವ್ರಿಯೆಂಟ್ ಎಂಬ ಕಂಪನಿಯವರು, ವರ್ಷ ೧೯೯೧. ಆಗ ಅದು ಬ್ಯಾಂಕಿನ ಕಾರ್ಡಿನಷ್ಟು ದೊಡ್ಡದಾಗಿದ್ದಿತು. ಕ್ರಮೇಣ ಕುಗ್ಗಿ ಬೆರಳಿನ ಉಗುರಿನಷ್ಟಾಯಿತು. ಈಗ ಕಾರ್ಡೇ ಬೇಡವೆಂದು, ಫೋನಿನೊಳಗಿನ ಹಲಗೆಗೆ ಒಂದು ಪುಟ್ಟ ಚಿಪ್ಪನ್ನು ಕಾರ್ಖಾನೆಯಲ್ಲಿಯೇ ಬೆಸೆದುಬಿಡುತ್ತಾರೆ. ಇದೇ ಇ-ಸಿಮ್. ಆ ಚಿಪ್ಪನ್ನು ಒಂದು ಸ್ಲೇಟೆಂದು ತಿಳಿಯಿರಿ. ಯಾವ ಕಂಪನಿಯ ಗಿರಾಕಿ, ಯಾವ ಸಂಖ್ಯೆ, ಗುಪ್ತವಾದ ಕೀಲಿ ಯಾವುದು ಎಂಬ ಪಾಠವನ್ನು ಇಂಟರ್ನೆಟ್ಟಿನ ಮೂಲಕ ತಂದು ಅದರ ಮೇಲೆ ಬರೆಯುತ್ತಾರೆ. ಒಂದು ಸ್ಲೇಟಿನಲ್ಲಿ ಹಲವು ಪಾಠಗಳಿಗೆ ಸ್ಥಳವುಂಟು. ಬೇಕಾದುದನ್ನು ಎಬ್ಬಿಸಬಹುದು, ಬೇಡವಾದುದನ್ನು ಮಲಗಿಸಬಹುದು. ಫೋನುಗಳಿಗೆ ತಕ್ಕ ಇದರ ನಿಯಮಗಳು ೨೦೧೬ರಲ್ಲಿ ಸಿದ್ಧವಾದುವು. ೨೦೧೭-೧೮ರಿಂದ ಈಚೆಗೆ ಫೋನುಗಳಲ್ಲಿ ಬಳಕೆಗೆ ಬಂದಿತು.

ನಿಮ್ಮ ಫೋನಿನಲ್ಲಿ ಈ ಸೌಕರ್ಯವಿದೆಯೆ ಎಂಬುದನ್ನು ಅಂಗಡಿಯವನನ್ನು ಕೇಳದೆಯೇ ತಿಳಿಯಬಹುದು. ಕರೆ ಮಾಡುವ ಪುಟದಲ್ಲಿ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿರಿ. ಬರುವ ಅಂಕಿಗಳ ನಡುವೆ ಇ.ಐ.ಡಿ. ಎಂಬ ೩೨ ಅಂಕಿಗಳ ಉದ್ದನೆಯ ಸಂಖ್ಯೆ ಕಂಡರೆ ಇದೆಯೆಂದು ಅರ್ಥ. ನಮ್ಮಲ್ಲಿ ಅನೇಕ ಹಿರಿಯರ ಕೈಯಲ್ಲಿರುವುದು ಅಮೆರಿಕದ ಮಕ್ಕಳು ತಾವು ಬಳಸಿ ಕೊಟ್ಟ ಫೋನು. ಅಂತಹುದು ಅಲ್ಲಿಯ ಕಂಪನಿಯೊಂದಕ್ಕೆ ಬೀಗ ಬಿದ್ದಿದ್ದರೆ ಬೇರೆ ಯಾವ ಸಿಮ್ಮನ್ನೂ ಒಪ್ಪುವುದಿಲ್ಲ. ಬೀಗವನ್ನು ಮಗನೇ ತೆಗೆಯಿಸಬೇಕು. ೨೦೨೨ರಿಂದ ಈಚೆಗೆ ಅಮೆರಿಕದಲ್ಲಿ ಮಾರಿದ ಐಫೋನುಗಳಲ್ಲಿ ಹೆಚ್ಚಿನವುಗಳಲ್ಲಿ ಕಾರ್ಡಿಗೆ ಸ್ಥಳವೇ ಇಲ್ಲ. ಅಂತಹವರು ಊರಿನ ಸಂಖ್ಯೆಯನ್ನೂ ಇ-ಸಿಮ್ಮಿಗೆ ಬದಲಾಯಿಸಿಕೊಳ್ಳಬೇಕಾಗುವುದು.

ಪರದೇಶದಲ್ಲಿ ಇಂಟರ್ನೆಟ್ ಪಡೆಯುವುದಕ್ಕೆ ಮೂರು ಮಾರ್ಗಗಳಿವೆ. ನಮ್ಮ ಕಂಪನಿಯವರದೇ ರೋಮಿಂಗ್ ಯೋಜನೆಯನ್ನು ಕೊಳ್ಳುವುದು ಒಂದು. ಇದರಲ್ಲಿ ಯೋಚನೆ ಕಡಮೆ, ವೆಚ್ಚ ಸಾಮಾನ್ಯವಾಗಿ ಹೆಚ್ಚು. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟು ತೋರಿಸಿ ಅಲ್ಲಿಯ ಸಿಮ್ ಕೊಳ್ಳುವುದು ಇನ್ನೊಂದು. ಕಾಂಬೋಡಿಯದಲ್ಲಿ ಇದು ಬಹಳ ಅಗ್ಗ; ಆದರೆ ಒಂದೇ ಕಾರ್ಡಿನ ಸ್ಥಳವಿರುವ ಫೋನಾದರೆ ಊರಿನ ಕಾರ್ಡನ್ನು ಹೊರಕ್ಕೆ ತೆಗೆಯಬೇಕು. ಅದನ್ನು ಕಾಗದದಲ್ಲಿ ಸುತ್ತಿ ಎಲ್ಲಿಯೋ ಇಟ್ಟು ಆಮೇಲೆ ಹುಡುಕುವ ಫಜೀತಿ ಯಾರಿಗೆ ಬೇಕು? ಮೂರನೆಯದು ಪ್ರಯಾಣಿಕರಿಗೆಂದೇ ಮಾರುವ ಇ-ಸಿಮ್. ಊರಿನ ಕಾರ್ಡು ಇದ್ದಲ್ಲಿಯೇ ಇರುತ್ತದೆ. ಹೊಸ ಪಾಠವು ಸ್ಲೇಟಿಗೆ ಸೇರುತ್ತದೆ. ನಾನು ಇದನ್ನು ಆರಿಸಿದ್ದು ಅಗ್ಗವೆಂದಲ್ಲ, ಊರಿನ ಸಂಖ್ಯೆ ಎಚ್ಚರವಾಗಿರಲೆಂದು. ಇದರ ಬೆಲೆ ಎಷ್ಟೆಂಬುದು ಮುಂದೆ ನನಗೆ ತಿಳಿದುಬಂದಿತು.

ಕೊಳ್ಳುವಾಗ ಜಾಹಿರಾತಿನ ದೊಡ್ಡ ಅಕ್ಷರವನ್ನು ಬಿಟ್ಟು ಸಣ್ಣ ಅಕ್ಷರವನ್ನು ಓದಬೇಕು. ಯಾವ ಯಾವ ದೇಶಗಳಲ್ಲಿ ನಡೆಯುತ್ತದೆ? ನಮಗೆ ಸಿಂಗಪುರ, ಕಾಂಬೋಡಿಯ ಎರಡೂ ಬೇಕಾಗಿದ್ದುವು. ಒಂದೇ ದೇಶದ್ದಾಗಿದ್ದರೆ ಗಡಿ ದಾಟಿದೊಡನೆ ಮೂಕವಾಗುತ್ತಿತ್ತು. ಅವಧಿ ಎಂದಿನಿಂದ ಆರಂಭ? ಕೆಲವು ಫೋನಿಗೆ ಸೇರಿಸಿದ ದಿನದಿಂದಲೇ ಎಣಿಸುತ್ತವೆ, ಕೆಲವು ಪರದೇಶದ ಜಾಲವನ್ನು ಮುಟ್ಟಿದ ಮೇಲೆ ಎಣಿಸುತ್ತವೆ. ಎರಡನೆಯದೇ ನಮ್ಮಂತಹ ಅವಸರದವರಿಗೆ ಕ್ಷೇಮ. 'ಅಪರಿಮಿತ' ಎಂಬ ಮಾತನ್ನು ನಂಬತಕ್ಕದ್ದಲ್ಲ. ದಿನಕ್ಕೆ ಇಷ್ಟೆಂದು ಮುಗಿದ ಮೇಲೆ ವೇಗವನ್ನು ತಗ್ಗಿಸುವುದು ಅನೇಕರ ಪದ್ಧತಿ. ಇಂತಹ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ, ಫೋನ್ ಸಂಖ್ಯೆಯನ್ನು ಕೊಡುವುದಿಲ್ಲ. ಮಾತೆಲ್ಲವೂ ವಾಟ್ಸಾಪಿನ ಮೂಲಕವೇ. ಅಲ್ಲಿ ಯಾರ ಜಾಲದ ಮೇಲೆ ನಡೆಯುತ್ತದೆಂಬುದನ್ನೂ ನೋಡಬೇಕು. ಕಾಂಬೋಡಿಯದ ಮುಖ್ಯ ಕಂಪನಿಗಳು ಸ್ಮಾರ್ಟ್, ಸೆಲ್‌ಕಾರ್ಡ್, ಮೆಟ್‌ಫೋನ್ ಎಂಬುವು. ಇನ್ನೊಂದು ಮಾತು: ವಿದೇಶದ ಸಿಮ್ಮುಗಳನ್ನು ಭಾರತದಲ್ಲಿ ಮಾರುವುದಕ್ಕೆ ಸರ್ಕಾರದ ನಿರಾಕ್ಷೇಪಣ ಪತ್ರ ಬೇಕು, ಅದಿಲ್ಲವೆಂದು ೨೦೨೪ರ ಜನವರಿಯಲ್ಲಿ ಹೊರನಾಡಿನ ಕಂಪನಿಗಳೆರಡರ ತಾಣಗಳನ್ನು ಇಲ್ಲಿ ತಡೆದರು. ಆದುದರಿಂದ ಅನುಮತಿಯುಳ್ಳವರಲ್ಲಿಯೇ ಕೊಳ್ಳುವುದು ಉಚಿತ.

ಎಷ್ಟು ಕೊಳ್ಳಬೇಕು? ನಮಗೆ ತಲೆಗೆ ೩ ಜಿಬಿಯಂತೆ ಒಂಬತ್ತು ದಿನಗಳಿಗೆ ಧಾರಾಳವಾಗಿ ಸಾಕಾಯಿತು. ಗಂಟೆಗಟ್ಟಲೆ ಬರಿಯ ಮಾತನಾಡಿದರೆ ಕೆಲವು ಹತ್ತು ಎಂಬಿ ಖರ್ಚು; ಮುಖ ನೋಡುತ್ತ ಮಾತನಾಡಿದರೆ ನೂರಾರು ಎಂಬಿ. ಮೊಮ್ಮಕ್ಕಳ ಮುಖವನ್ನು ವಸತಿಗೃಹದ ವೈಫೈಯಲ್ಲಿಯೇ ನೋಡಬಹುದು. "ಒಂದನ್ನೇ ದೊಡ್ಡದಾಗಿ ಕೊಂಡು ನನಗೂ ಹಾಟ್‌ಸ್ಪಾಟಿನಲ್ಲಿ ಹಂಚಬಾರದೆ?" ಎಂದು ನನ್ನ ಪತ್ನಿ ಕೇಳಿದಳು. ಸಂಸಾರ ನಡೆಸಿದವರ ಲೆಕ್ಕ ಅದು, ತಪ್ಪೇನೂ ಅಲ್ಲ. ಆದರೆ ಗುಂಪಿನಲ್ಲಿ ಇಬ್ಬರೂ ಅಗಲಿದ ಕ್ಷಣದಲ್ಲಿಯೇ ಹಾಟ್‌ಸ್ಪಾಟೂ ಅಗಲುತ್ತದೆಯಷ್ಟೆ! ಆದುದರಿಂದ ಇಬ್ಬರಿಗೂ ಸಣ್ಣವೆರಡನ್ನು ಕೊಂಡೆವು. ಅಂಕೋರ್ ವಾಟಿನಲ್ಲಿ ಸೂರ್ಯೋದಯವನ್ನು ನೋಡಲು ಕೊಳದ ಬಳಿ ನೆರೆದ ಜನಸಂದಣಿಯನ್ನು ಕಂಡ ಮೇಲೆ ಅವಳು ಈ ವಿಷಯವನ್ನು ಮತ್ತೆ ಎತ್ತಲಿಲ್ಲ.

ಫೋನಿಗೆ ಸೇರಿಸುವ ಕೆಲಸವನ್ನು ಹೊರಡುವುದಕ್ಕೆ ಎರಡು ದಿನ ಮುಂಚೆ, ಮನೆಯ ವೈಫೈ ಇರುವಾಗಲೇ ಮುಗಿಸತಕ್ಕದ್ದು. ಮಾರಿದವರು ಕ್ಯೂಆರ್ ಕೋಡ್ ಎಂಬ ಚುಕ್ಕೆಗಳ ಚೌಕವನ್ನು ಕಳುಹಿಸುತ್ತಾರೆ. ಅದು ಬರುವುದು ಫೋನಿಗೇ. ಅದನ್ನು ನೋಡಬೇಕಾದುದೂ ಅದೇ ಫೋನಿನ ಕಣ್ಣು! ತನ್ನ ಕಣ್ಣು ತನ್ನನ್ನೇ ಕಾಣುವುದು ಹೇಗೆ? ಇಬ್ಬರಲ್ಲಿ ಒಬ್ಬರ ಫೋನಿಗೆ ಕಳುಹಿಸಿ ಅದರ ಪರದೆಯನ್ನು ತೋರಿಸಿದರೆ ಆಯಿತು. ಕಾಗದದ ಮೇಲೆ ಅಚ್ಚು ಹಾಕಿಸಿದರೂ ಸರಿಯೆ. ಸೇರಿದ ಮೇಲೆ ಸಾಲುಗಳಿಗೆ ಹೆಸರಿಡಿ. ನಾನು ಒಂದಕ್ಕೆ 'ಮನೆ', ಇನ್ನೊಂದಕ್ಕೆ 'ಯಾತ್ರೆ' ಎಂದಿಟ್ಟೆ. ಡೇಟಾ ಬರಬೇಕಾದುದು 'ಯಾತ್ರೆ'ಯಿಂದ. ಅದಕ್ಕೆ ಡೇಟಾ ರೋಮಿಂಗ್ ತೆರೆದಿರಬೇಕು, ಏಕೆಂದರೆ ಆ ಸಾಲು ಅಲ್ಲಿಯೂ ಅತಿಥಿಯೇ. 'ಮನೆ'ಗೆ ಡೇಟಾ ರೋಮಿಂಗ್ ಮುಚ್ಚಿರಬೇಕು, ಇಲ್ಲವಾದರೆ ಬಿಲ್ಲು ಏರುವುದು; ಆದರೆ ಸಾಲನ್ನೇ ಆರಿಸಬಾರದು. ಒಂದು ಸಾಲು ದುರ್ಬಲವಾದಾಗ ಇನ್ನೊಂದಕ್ಕೆ ತಾನಾಗಿ ಹೊರಳುವ ಏರ್ಪಾಡೊಂದು ಕೆಲವು ಫೋನುಗಳಲ್ಲಿದೆ, ಅದನ್ನೂ ಮುಚ್ಚಿಡುವುದು. ಪರದೇಶದಲ್ಲಿ ಊರಿನ ಸಂಖ್ಯೆಗೆ ಸಂದೇಶ ಬರಬೇಕಾದರೆ ಕಂಪನಿಯವರಿಗೆ ಹೇಳಿ ಅಂತಾರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಹೊರಡುವ ಮೊದಲೇ ತೆರೆಯಿಸಿ, ದರವನ್ನೂ ಕೇಳಿಕೊಂಡಿರಬೇಕು. ವಾಟ್ಸಾಪು ಸಂಖ್ಯೆ ಬದಲಾಯಿತೆ ಎಂದು ಕೇಳಿದರೆ ಇಲ್ಲವೆನ್ನಿ.

ಸಿಯೆಮ್ ರೀಪಿನ ಹೊಸ ವಿಮಾನನಿಲ್ದಾಣವು ೨೦೨೩ರ ಅಕ್ಟೋಬರಿನಲ್ಲಿ ತೆರೆದುದು, ಊರಿನಿಂದ ಬಹುದೂರ. ಮೊದಲಿನದು ದೇವಾಲಯಗಳಿಗೆ ತೀರ ಸಮೀಪವಾಗಿದ್ದಿತು. ವಿಮಾನವು ನೆಲಕ್ಕಿಳಿದು ನಿಲ್ಲುವಷ್ಟರಲ್ಲಿಯೇ 'ಯಾತ್ರೆ'ಗೆ ಜೀವ ಬಂದಿತು. ವಸತಿಗೃಹದವರು ಕಳುಹಿಸಿದ ಗಾಡಿಯವನನ್ನು ಹುಡುಕುವುದು ಸುಲಭವಾಯಿತು. ದಾರಿಯುದ್ದಕ್ಕೂ ಗದ್ದೆಗಳು, ನಡುನಡುವೆ ತಾಳೆಮರಗಳು. ನಮ್ಮ ಬಯಲುಸೀಮೆಯ ಕೆರೆಯ ಹಿಂದಿನ ಬಯಲೊಂದನ್ನು ಯಾರೋ ಎತ್ತಿ ತಂದಿಟ್ಟಂತಿದ್ದಿತು.

ಅಂಕೋರ್ ವಾಟನ್ನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದನು. ಸುತ್ತಲಿನ ಅಗಳು ಸುಮಾರು ೧೯೦ ಮೀಟರು ಅಗಲ, ಹೊಳೆಯೆಂದರೂ ನಡೆಯುತ್ತದೆ. ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನದ ಶಿಲ್ಪವು ಸುಮಾರು ೪೯ ಮೀಟರು ಉದ್ದಕ್ಕೆ ಹಬ್ಬಿದೆ: ಒಂದು ಕಡೆ ೯೨ ಅಸುರರು, ಇನ್ನೊಂದು ಕಡೆ ೮೮ ದೇವತೆಗಳು, ನಡುವೆ ಕೂರ್ಮದ ಮೇಲೆ ವಿಷ್ಣು. ಈ ಮೊಗಸಾಲೆಯಲ್ಲಿ ಫೋನನ್ನು ಚೀಲಕ್ಕೆ ಹಾಕಿ ಬಿಗಿದುಬಿಡಬೇಕೆಂಬುದು ನನ್ನ ಅಭಿಪ್ರಾಯ. ಶಿಲ್ಪಕ್ಕೆ ಬೆನ್ನು ಮಾಡಿ ತಮ್ಮ ಚಿತ್ರವನ್ನೇ ತೆಗೆದುಕೊಳ್ಳುತ್ತಿದ್ದವರು ಅಸುರರಿಗಿಂತ ಹೆಚ್ಚಾಗಿದ್ದರು. ಆದರೆ ಬಾಂತೇಯ್ ಸ್ರೇಯಿ ಎಂಬ ಕೆಂಪು ಮರಳುಗಲ್ಲಿನ ಪುಟ್ಟ ಗುಡಿಯಲ್ಲಿ, ಅಂದರೆ ಕ್ರಿ. ಶ. ೯೬೭ರಲ್ಲಿ ಪ್ರತಿಷ್ಠೆಯಾದ ತ್ರಿಭುವನಮಹೇಶ್ವರನ ಸನ್ನಿಧಿಯಲ್ಲಿ, ಫೋನು ನನಗೆ ಗುರುವಾಯಿತು. ಬಾಗಿಲುವಾಡದ ಶಾಸನದ ಲಿಪಿಯನ್ನು ನಾನು ಓದಲಾರೆ. ಕಂಬುಜದ ಶಾಸನಗಳನ್ನು ಸಂಪಾದಿಸಿದ ಫ್ರೆಂಚ್ ಪಂಡಿತ ಸೆದೆಸ್ ಮುಂತಾದವರ ಪಾಠವನ್ನು ಪರದೆಯ ಮೇಲೆ ತೆರೆದು ಅಕ್ಷರಕ್ಕೆ ಅಕ್ಷರವನ್ನು ಹೊಂದಿಸುತ್ತ ಹೋದೆನು. ಅರ್ಧ ಗಂಟೆಯಲ್ಲಿ ಒಂದು ಪಾದವೂ ಮುಗಿಯಲಿಲ್ಲ. ಆದರೂ ವಿಭಕ್ತಿ ಪ್ರತ್ಯಯವೊಂದು ಕಲ್ಲಿನ ಮೇಲೆ ಗುರುತು ಸಿಕ್ಕಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ!

ಮಾರನೆಯ ದಿನ ತಾ ಪ್ರೋಮಿಗೆ ಹೋದೆವು. ಮರದ ಬೇರುಗಳು ಹೆಬ್ಬಾವುಗಳಂತೆ ಕಲ್ಲುಗೋಡೆಗಳನ್ನು ಅಪ್ಪಿಕೊಂಡಿರುವ ಈ ದೇವಾಲಯದ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರ ಕೈಯುಂಟು. ಕಟ್ಟಿಸಿದವನು ಏಳನೆಯ ಜಯವರ್ಮನು. ರಾಜ್ಯದಲ್ಲಿ ೧೦೨ ಆಸ್ಪತ್ರೆಗಳಿದ್ದುವೆಂದು ೧೧೮೬ರ ಇಲ್ಲಿಯ ಸಂಸ್ಕೃತ ಶಾಸನವು ತಿಳಿಸುತ್ತದೆ. ಇದನ್ನೇ ನನ್ನ ಪತ್ನಿಗೆ ವಿವರಿಸುತ್ತಿದ್ದಾಗ ಫೋನು ಗುನುಗಿತು. ಶಿವಮೊಗ್ಗದಿಂದ ಅಕ್ಕನ ಮಗ. "ಮಾವ, ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಸೊಂಟದ ಮೂಳೆ ಮುರಿದಿದೆ. ಇವತ್ತೇ ಆಪರೇಷನ್ ಆಗಬೇಕಂತೆ."

ಅಕ್ಕನಿಗೆ ಎಪ್ಪತ್ತೆಂಟು. ಅವಳ ಉಳಿತಾಯವೆಲ್ಲವೂ ನನ್ನ ಹೆಸರನ್ನೂ ಕೂಡಿಸಿದ ಖಾತೆಯಲ್ಲಿದೆ. ಅದನ್ನು ನೋಡಿಕೊಳ್ಳುವವನು ನಾನೊಬ್ಬನೇ. ನಮಗೆ ಆಗ ಹನ್ನೊಂದು ಗಂಟೆ, ಅವರಿಗೆ ಒಂಬತ್ತೂವರೆ. ಮಧ್ಯಾಹ್ನದೊಳಗೆ ಮುಂಗಡ ಕಟ್ಟಬೇಕು. ಬೇರೊಂದರ ಮೇಲೆಯೇ ಕುಳಿತು ಬ್ಯಾಂಕಿನ ಪುಟವನ್ನು ತೆರೆದೆನು. ಅದು 'ಯಾತ್ರೆ'ಯ ಸಾಲಿನಲ್ಲಿ ಬಂದಿತು. ಹಣ ಕಳುಹಿಸಲು ಒ.ಟಿ.ಪಿ. ಕೇಳಿತು, ಅದು 'ಮನೆ'ಯ ಸಾಲಿಗೆ ಬರಬೇಕು. ಒಂದು ನಿಮಿಷ ಬರಲಿಲ್ಲ. ನನ್ನ ಪತ್ನಿ ಮಾತನಾಡಲಿಲ್ಲ, ನಾನೂ ಆಡಲಿಲ್ಲ. ಎರಡನೆಯ ನಿಮಿಷಕ್ಕೆ ಬಂದಿತು. ಸೋದರಳಿಯನ ಖಾತೆಯ ವಿವರವು ಹಿಂದೆಯೇ ಬ್ಯಾಂಕಿನಲ್ಲಿ ಸೇರಿದ್ದುದರಿಂದ ಹಣವು ಕೂಡಲೆ ಹೋಯಿತು. ಹೊಸ ಹೆಸರನ್ನು ಸೇರಿಸಬೇಕಾಗಿದ್ದರೆ ಬ್ಯಾಂಕಿನವರು ಕಾಯಿಸುತ್ತಿದ್ದರು. ವಾಚಕರು ಇದನ್ನು ಮರೆಯದೆ ಊರಿನಲ್ಲಿಯೇ ಮಾಡಿಡಬೇಕು.

ಒಳಕ್ಕೆ ಕರೆದೊಯ್ಯುವ ಮುಂಚೆ ಅಕ್ಕ ನನ್ನ ದನಿಯನ್ನು ಕೇಳಬೇಕೆಂದಳಂತೆ. ಮುಖ ಕಾಣುವ ಕರೆಯು ತುಂಡುತುಂಡಾಯಿತು. ಬರಿಯ ಮಾತಿನ ಕರೆ ನಿಂತಿತು. "ಎಲ್ಲಿದೀಯೋ?" ಎಂದಳು. ಕಾಡಿನ ನಡುವೆ ಹಳೆಯ ದೇವಸ್ಥಾನದಲ್ಲಿದ್ದೇನೆಂದೆನು. "ನನ್ನ ಹೆಸರಲ್ಲೊಂದು ಕೈ ಮುಗಿ. ಊಟ ಹೊತ್ತಿಗೆ ಸರಿಯಾಗಿ ಮಾಡಿದಿಯಾ?" ಎಂದಳು. ಆಪರೇಷನ್ ಆದ ಸುದ್ದಿ ಬರುವವರೆಗೆ ಸಂಜೆಯ ತನಕ ಇಬ್ಬರೂ ವಸತಿಗೃಹದ ಜಗಲಿಯನ್ನು ಬಿಟ್ಟು ಏಳಲಿಲ್ಲ. ಈಗ ಅಕ್ಕ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ.

ಸಿಂಗಪುರದಲ್ಲಿ ಇಳಿದಾಗ 'ಯಾತ್ರೆ'ಯು ತಾನಾಗಿಯೇ ಅಲ್ಲಿಯ ಜಾಲಕ್ಕೆ ಸೇರಿತು. ನಾವು ಮಾಡಿದ್ದೇನೂ ಇಲ್ಲ. ಯಾವಾಗಲಾದರೂ ಸೇರದಿದ್ದರೆ ವಿಮಾನದ ಗುರುತನ್ನು ಒಮ್ಮೆ ಒತ್ತಿ ಬಿಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಏನೇ ತೊಡಕಾದರೂ ದಾರಿಯ ನಡುವೆ ಇ-ಸಿಮ್ಮನ್ನು ಅಳಿಸಬಾರದು. ಅನೇಕ ಕಂಪನಿಗಳ ಕೋಡನ್ನು ಎರಡನೆಯ ಸಲ ಬಳಸಲಾಗುವುದಿಲ್ಲ. ಬೆಂಗಳೂರಿಗೆ ಬಂದ ಮೇಲೆ 'ಮನೆ'ಗೆ ಡೇಟಾವನ್ನು ಮರಳಿ ಕೊಟ್ಟು, ಅವಧಿ ತೀರಿದ 'ಯಾತ್ರೆ'ಯನ್ನು ಅಳಿಸಿದೆನು. ನನ್ನದರಲ್ಲಿ ಒಂದು ಜಿಬಿಗೂ ಮೇಲ್ಪಟ್ಟು ಉಳಿದಿದ್ದಿತು. ಅದನ್ನು ಮುಂದಿನ ತಿಂಗಳು ಹೊರಡಲಿದ್ದ ಪಕ್ಕದ ಮನೆಯವರಿಗೆ ಕೊಡಲಾಗದೆ ಎಂದು ನನ್ನ ಪತ್ನಿ ವಿಚಾರಿಸಿದಳು. ಕೊಡಲಾಗುವುದಿಲ್ಲ.