ಪಾರ್ಕಿನಲ್ಲಿ ಸುಮ್ನೆ ಒಂದು ನಿದ್ದೆ

ಊರಿಂದ ಯಾರಾದ್ರೂ ಬಂದ್ರೆ ನಾವು ಲಾಲ್‌ಬಾಗ್, ವಿಧಾನಸೌಧ ತೋರಿಸ್ತೀವಿ. ಕಳೆದ ಭಾನುವಾರ ನಾನೊಬ್ಬಳೇ ಸುತ್ತಿದ್ದು ಬೇರೆಯದೇ ಬೆಂಗಳೂರು. ಆ ದಾರಿ ಹಾಕಿಕೊಟ್ಟವರು ಜಸ್ಮೀನ್ ಪಥೇಜಾ ಎಂಬ ಕಲಾವಿದೆ.

ಕೋಲ್ಕತ್ತಾ ಮೂಲದ ಜಸ್ಮೀನ್ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದಾಗ, 2003ರಲ್ಲಿ ‘ಬ್ಲ್ಯಾಂಕ್ ನಾಯ್ಸ್’ ಶುರು ಮಾಡಿದರು. ಬೀದಿಯಲ್ಲಿ ಹುಡುಗಿಯರನ್ನು ಚುಡಾಯಿಸಿದರೆ, ‘ಇದೆಲ್ಲ ಇದ್ದದ್ದೇ ಬಿಡು’ ಅನ್ನುತ್ತಿದ್ದ ಕಾಲ ಅದು. ಕ್ಯಾಮೆರಾ, ಬ್ಲಾಗು, ಬಟ್ಟೆ, ರಸ್ತೆ ಇವೇ ಅವರ ಕುಂಚ ಮತ್ತು ಬಣ್ಣ. 2006ರ ಮಹಿಳಾ ದಿನದ ಹೊತ್ತಿಗೆ ಅವರ ಕರೆಗೆ ಓಗೊಟ್ಟು ಎಷ್ಟೋ ಬ್ಲಾಗರ್‌ಗಳು ಬೀದಿಯಲ್ಲಿ ತಾವು ಅನುಭವಿಸಿದ್ದನ್ನು ಬರೆದರು. ಮೀಟೂ ಹ್ಯಾಷ್‌ಟ್ಯಾಗ್ ಜಗತ್ತು ಸುತ್ತೋಕೆ ಇನ್ನೂ 11 ವರ್ಷ ಬಾಕಿ ಇತ್ತು!

ಬೆಳಿಗ್ಗೆ ಬಸ್ ಹತ್ತಿ ಮೊದಲು ಹೋಗಿದ್ದು ಯಲಹಂಕಕ್ಕೆ. ಇಲ್ಲಿನ ಒಂದು ಓಣಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ‘ರೇಪಿಸ್ಟ್ ಲೇನ್’. ಭಯವೇ ಇಟ್ಟ ಹೆಸರು. 2012ರಲ್ಲಿ ಜಸ್ಮೀನ್ ಮತ್ತು ವಿದ್ಯಾರ್ಥಿಗಳು ಅಲ್ಲಿ ಮೇಜು, ಕುರ್ಚಿ ಹಾಕಿದರು. ಚಹಾ, ಸಮೋಸ ಇಟ್ಟರು. ದಾರಿಹೋಕರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದರು. ‘ಟಾಕ್ ಟು ಮಿ’ ಅಂದರೆ ಇಷ್ಟೇ: ಯಾರನ್ನು ಕಂಡರೆ ಹೆದರಿ ಹೆಜ್ಜೆ ಜೋರು ಮಾಡ್ತೀವೋ, ಅವರ ಜೊತೆ ಕೂತು ಒಂದು ಲೋಟ ಚಹಾ. ಓಣಿಗೆ ಬೇಲಿ ಹಾಕಲಿಲ್ಲ, ಜನ ತುಂಬಿದರು.

ಮಧ್ಯಾಹ್ನ ಎಂ.ಜಿ. ರಸ್ತೆ. ಸಿಗ್ನಲ್‌ನಲ್ಲಿ ನಿಂತಾಗ ಅವರ ತಂಡದ ಇನ್ನೊಂದು ಪ್ರಯೋಗ ನೆನಪಾಯ್ತು. ಕೆಂಪು ದೀಪ ಬಿದ್ದ ಕೂಡಲೇ ಹುಡುಗಿಯರು ಜೀಬ್ರಾ ಕ್ರಾಸಿಂಗ್ ಮೇಲೆ ಸಾಲಾಗಿ ನಿಲ್ಲೋರು. ಒಬ್ಬೊಬ್ಬರ ಬಟ್ಟೆ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ಕೂಡಿಸಿ ಓದಿದರೆ, ‘ಯಾಕೆ ನನ್ನನ್ನೇ ನೋಡ್ತಿದ್ದೀಯ?’ ಹಸಿರು ದೀಪ ಬಂದರೆ ಎಲ್ಲರೂ ಮಾಯ. ಬೈಗುಳವಿಲ್ಲ, ಘೋಷಣೆಯಿಲ್ಲ. ನೋಡುತ್ತಿದ್ದವರನ್ನೇ ತಿರುಗಿ ನೋಡಿದ್ದು, ಅಷ್ಟೇ.

‘ಯಾವ ಬಟ್ಟೆ ಹಾಕಿದ್ದೆ?’ ಅನ್ನೋ ಪ್ರಶ್ನೆ ನಮ್ಮಲ್ಲಿ ಎಷ್ಟು ಜನ ಕೇಳಿಸಿಕೊಂಡಿಲ್ಲ ಹೇಳಿ? ಅದಕ್ಕೂ ಅವರದೊಂದು ಉತ್ತರವಿದೆ. ದೌರ್ಜನ್ಯ ನಡೆದಾಗ ತೊಟ್ಟಿದ್ದ ಬಟ್ಟೆಗಳನ್ನು ಹೆಣ್ಣುಮಕ್ಕಳಿಂದಲೇ ಸಂಗ್ರಹಿಸುವ ‘ಐ ನೆವರ್ ಆಸ್ಕ್ ಫಾರ್ ಇಟ್’. ಚೂಡಿದಾರ, ಸೀರೆ, ಸ್ಕೂಲ್ ಯೂನಿಫಾರ್ಮ್... ಬಟ್ಟೆಯೇ ಇಲ್ಲಿ ಸಾಕ್ಷಿ ಹೇಳುತ್ತದೆ.

ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಕಬ್ಬನ್ ಪಾರ್ಕ್. ಬಿದಿರು ಮೆಳೆಯ ಆಚೆ ಹುಲ್ಲಿನ ಮೇಲೆ, ಮುಖಕ್ಕೆ ಪೇಪರ್ ಮುಚ್ಚಿಕೊಂಡು ಗಂಡಸರು ಆರಾಮಾಗಿ ಮಲಗಿದ್ದರು. ಒಂಟಿ ಹೆಂಗಸು ಒಬ್ಬಳೂ ಇಲ್ಲ. ಬ್ಲ್ಯಾಂಕ್ ನಾಯ್ಸ್‌ನ ‘ಮೀಟ್ ಟು ಸ್ಲೀಪ್’ ಹುಟ್ಟಿದ್ದೇ ಇದಕ್ಕೆ. ಹೆಂಗಸರು ಪಾರ್ಕಿಗೆ ಬಂದು ನಿದ್ದೆ ಮಾಡಬೇಕು. ಅಷ್ಟೇ ಹೋರಾಟ. ಕೇಳೋಕೆ ಸುಲಭ, ಅಲ್ವಾ?

ನಾನೂ ದುಪಟ್ಟಾ ಹಾಸಿ ಮಲಗಿದೆ. ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೆ. ಒಣಗಿದ ಎಲೆ ಸದ್ದು ಮಾಡಿದಾಗಲೆಲ್ಲ ಕಣ್ಣು ತಾನಾಗೇ ತೆರೀತಿತ್ತು. ಹುಟ್ಟಿದಾಗಿನಿಂದ ಕಲಿತ ‘ಹುಷಾರು’ ಮೈಯಿಂದ ಇಳಿಯೋದು ಅಷ್ಟು ಸಲೀಸಲ್ಲ. ಹತ್ತು ನಿಮಿಷ ಆದಮೇಲೆ ಭುಜ ಸ್ವಲ್ಪ ಸಡಿಲವಾಯ್ತು. ಆಗ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಬಗ್ಗಿ ಕೇಳಿದರು, “ಯಾಕಮ್ಮ, ಮೈ ಹುಷಾರಿಲ್ವಾ?”

“ಚೆನ್ನಾಗಿದ್ದೀನಿ ಆಂಟಿ, ಸುಮ್ನೆ ಮಲಗಿದ್ದೀನಿ.”

“ಸುಮ್ನೆನಾ?” ಅಂತ ತಿರುತಿರುಗಿ ನೋಡುತ್ತಾ ಹೋದರು.

ಪಕ್ಕದಲ್ಲೇ ಗೊರಕೆ ಹೊಡೀತಿದ್ದವರನ್ನು ಯಾರೂ ಏನೂ ಕೇಳಲಿಲ್ಲ.