ಬರೆಯುವ ಕೋಣೆಗೆ ಬಂದ ಪಾತ್ರಗಳು

ಕಾದಂಬರಿಯೊಂದನ್ನು ಚಲನಚಿತ್ರಕ್ಕೆ ಒಗ್ಗಿಸುವ ಕೆಲಸವನ್ನು ರೂಪಾಂತರವೆಂದು ಕರೆಯುವುದು ವಾಡಿಕೆಯಾದರೂ, ಕಥೆಯೇ ಪ್ರಧಾನವಾದ ಕೃತಿಗಳಲ್ಲಿ ಅದು ಬಹುಮಟ್ಟಿಗೆ ಆಯ್ಕೆ ಮತ್ತು ಸಂಕ್ಷೇಪದ ಕೆಲಸವಾಗಿಯೇ ಉಳಿಯುತ್ತದೆ. ಕಥೆಗಿಂತ ಹೇಳುವ ಬಗೆಯಲ್ಲೇ ಜೀವ ಹಿಡಿದಿರುವ ವಿಲಕ್ಷಣ ಕಾದಂಬರಿ ಎದುರಾದಾಗ ಮಾತ್ರ ಚಿತ್ರಕಥೆಗಾರನ ಕಸುಬಿನ ಪೂರ್ಣ ಸೊಗಸು ಹೊರಬೀಳುತ್ತದೆ. ಅಮೆರಿಕದ ಕಪ್ಪು ಜನಾಂಗದ ಲೇಖಕ ಪರ್ಸಿವಲ್ ಎವೆರೆಟ್ 2001ರಲ್ಲಿ ಪ್ರಕಟಿಸಿದ ‘ಇರೇಷರ್’ ಅಂಥದೊಂದು ಕಾದಂಬರಿ; ಅದನ್ನು ಆಧರಿಸಿ ಕಾರ್ಡ್ ಜೆಫರ್ಸನ್ ಬರೆದು ನಿರ್ದೇಶಿಸಿದ ‘ಅಮೆರಿಕನ್ ಫಿಕ್ಷನ್’ (2023) ಅವರ ಮೊದಲ ಚಿತ್ರವಾಗಿಯೂ ಈ ಕಸುಬಿನ ರುಚಿಯನ್ನು ಅಪರೂಪದ ಹದದಲ್ಲಿ ಉಣಬಡಿಸುತ್ತದೆ.

ಕಾದಂಬರಿಯ ನಾಯಕ ಥೆಲೋನಿಯಸ್ ಎಲಿಸನ್, ಅಂದರೆ ಮಂಕ್, ಪ್ರಾಧ್ಯಾಪಕ. ಅವನ ಬರವಣಿಗೆಯಲ್ಲಿ ಕಪ್ಪು ಜನರ ಬದುಕು ಸಾಲದೆಂದು ಪ್ರಕಾಶಕರು ದೂರುವುದರಿಂದಲೂ, ಬಡಕೇರಿಯ ಹಸಿಹಸಿ ಚಿತ್ರಣವೊಂದು ಭರ್ಜರಿಯಾಗಿ ಮಾರಾಟವಾಗುವುದನ್ನು ಕಂಡ ಸಿಟ್ಟಿನಿಂದಲೂ, ಅವನು ಸ್ಟ್ಯಾಗ್ ಆರ್. ಲೀ ಎಂಬ ಕಳ್ಳಹೆಸರಿನಲ್ಲಿ ಒಂದು ಅಣಕು ಕಾದಂಬರಿಯನ್ನು ಬರೆಯುತ್ತಾನೆ. ಅಣಕು ಎಂದರೆ ಒಂದು ಶೈಲಿಯನ್ನು ಅತಿಗೆ ಒಯ್ದು ಅದರ ಟೊಳ್ಳನ್ನು ತೋರಿಸುವ ಬರವಣಿಗೆ. ಆದರೆ ಓದುಗಲೋಕ ಅದನ್ನೇ ಅಪ್ಪಟ ಸತ್ಯವೆಂದು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಮಂಕ್‌ನ ದಿನಚರಿಯ ರೂಪದಲ್ಲಿರುವ ಪುಸ್ತಕದಲ್ಲಿ ಮರಗೆಲಸದ ಮತ್ತು ಮೀನುಗಾರಿಕೆಯ ಟಿಪ್ಪಣಿಗಳು, ಕಲಾವಿದರ ಹಾಗೂ ತತ್ತ್ವಜ್ಞಾನಿಗಳ ಕಲ್ಪಿತ ಸಂಭಾಷಣೆಗಳು, ಕಬ್ಬಿಣದ ಕಡಲೆಯಂಥ ಒಂದು ವಿದ್ವತ್ಪ್ರಬಂಧ, ಇವೆಲ್ಲದರ ನಡುವೆ ಆ ಅಣಕು ಕಾದಂಬರಿಯೂ ಇಡಿಯಾಗಿ ಅಚ್ಚಾಗಿದೆ.

ಪುಟಗಳ ಮೇಲೆ ಮಾತ್ರ ಸಾಧ್ಯವಾಗುವ ಈ ಆಟವನ್ನು ಪರದೆಗೆ ತರುವಾಗ ಜೆಫರ್ಸನ್ ಮಾಡಿದ್ದು ಸರಳವಾದ, ಆದರೆ ಬಹಳ ಜಾಣತನದ ಕೆಲಸ. ಮಂಕ್ (ಜೆಫ್ರಿ ರೈಟ್) ರಾತ್ರಿ ಮೇಜಿನೆದುರು ಕುಳಿತು ಟೈಪ್ ಮಾಡುತ್ತಿದ್ದಂತೆ ಅವನ ಪಾತ್ರಗಳಿಬ್ಬರು ಅದೇ ಕೋಣೆಯಲ್ಲಿ ಪ್ರತ್ಯಕ್ಷರಾಗಿ ಅಬ್ಬರದ ಮಾತುಗಳನ್ನಾಡುತ್ತಾರೆ, ನಡುವೆ ತಡೆದು ಮುಂದೇನೆಂದು ಲೇಖಕನನ್ನೇ ಕೇಳುತ್ತಾರೆ. ಆ ನಟರು ಕೀಳು ಸಂಭಾಷಣೆಯನ್ನೂ ಸಂಪೂರ್ಣ ನಿಷ್ಠೆಯಿಂದ ಒಪ್ಪಿಸುವುದರಿಂದ ನೋಡುಗನಿಗೆ ನಗು ಬರುತ್ತದೆ, ಜೊತೆಗೇ ಆ ಪಾತ್ರಗಳ ಬಗ್ಗೆ ಮರುಕವೂ ಹುಟ್ಟುತ್ತದೆ. ಹಲವು ಹತ್ತು ಪುಟಗಳ ಕೆಲಸ ಒಂದೇ ದೃಶ್ಯದಲ್ಲಿ ನೆರವೇರಿದೆ. ಚಿತ್ರಕಥೆ ಬರೆಯಲು ಬಯಸುವವರು ಮತ್ತೆ ಮತ್ತೆ ನೋಡಬೇಕಾದ ದೃಶ್ಯವಿದು.

ನಗೆಯೂ ನೋವೂ ಒಂದೇ ಉಸಿರಿನಲ್ಲಿ ಬರುವ ಚಿತ್ರಕ್ಕೆ ಬೇಕಾದ ಹದವನ್ನು ಕಾಯ್ದುಕೊಳ್ಳಲು ಜೆಫರ್ಸನ್ ಮೂಲದ ಘಟನೆಗಳನ್ನೂ ಬದಲಿಸಿದ್ದಾರೆ. ಕಾದಂಬರಿಯಲ್ಲಿ ವೈದ್ಯೆಯಾದ ಅಕ್ಕ ಲೀಸಾಳನ್ನು ಗರ್ಭಪಾತ ವಿರೋಧಿಗಳು ಗುಂಡಿಟ್ಟು ಕೊಲ್ಲುತ್ತಾರೆ. ಚಿತ್ರದಲ್ಲಿ ಆಕೆ ತಮ್ಮನೊಡನೆ ಹರಟುತ್ತಾ ಕುಳಿತಿರುವಾಗಲೇ ಹೃದಯಾಘಾತಕ್ಕೆ ತುತ್ತಾಗುತ್ತಾಳೆ. ಕೊಲೆಯನ್ನು ಉಳಿಸಿಕೊಂಡಿದ್ದರೆ ಚಿತ್ರ ಇನ್ನೊಂದು ರಾಜಕೀಯ ಪ್ರಶ್ನೆಯ ಕಡೆಗೆ ವಾಲುತ್ತಿತ್ತು. ಹರಟೆಯ ನಡುವೆ ಎರಗುವ ಸಾವಿಗೆ ಅಂಥ ಯಾವ ವಿವರಣೆಯೂ ಬೇಕಿಲ್ಲ. ಮರೆವಿನ ಕಾಯಿಲೆಗೆ ಸಿಕ್ಕ ತಾಯಿ, ಸಲಿಂಗಿಯಾದ ಮಗ ಕ್ಲಿಫ್‌ನೊಡನೆ ಅಕ್ಕರೆಯಿಂದ ಹೆಜ್ಜೆ ಹಾಕುತ್ತಾ, ಅವನು ಅಂಥವನಲ್ಲವೆಂದು ತನಗೆ ಗೊತ್ತಿತ್ತೆಂದು ಹೇಳಿಬಿಡುವ ದೃಶ್ಯದಲ್ಲೂ ಇದೇ ಹದವಿದೆ. ಸ್ಟರ್ಲಿಂಗ್ ಕೆ. ಬ್ರೌನ್ ಅಭಿನಯದ ಕ್ಲಿಫ್‌ನ ಮುಖದಲ್ಲಿ ಆ ಕ್ಷಣ ಇಳಿದುಹೋಗುವ ಬೆಳಕನ್ನು ವರ್ಣಿಸಲು ಕಾದಂಬರಿಕಾರನಿಗೆ ಒಂದು ಪರಿಚ್ಛೇದವಾದರೂ ಬೇಕಾಗುತ್ತಿತ್ತು.

ಎಲ್ಲಕ್ಕಿಂತ ದಿಟ್ಟವಾದ ಸೇರ್ಪಡೆಯೆಂದರೆ ಸಿಂಟಾರಾ ಗೋಲ್ಡನ್. ಮಂಕ್‌ನ ಸಿಟ್ಟಿಗೆ ಕಾರಣವಾದ ಪುಸ್ತಕ ಬರೆದ ಲೇಖಕಿ ಕಾದಂಬರಿಯಲ್ಲಿ ದೂರದ ಗುರಿ ಮಾತ್ರ. ಚಿತ್ರದಲ್ಲಿ ಆಕೆಗೆ ಹೊಸ ಹೆಸರು, ವಿದ್ಯೆ, ವಿವೇಕ ಎಲ್ಲವೂ ದೊರೆತು, ಸಾಹಿತ್ಯ ಪ್ರಶಸ್ತಿಯೊಂದರ ತೀರ್ಪುಗಾರಳಾಗಿ ಮಂಕ್‌ನೆದುರೇ ಕುಳಿತು ತನ್ನ ಬರವಣಿಗೆಯನ್ನು ಸಮರ್ಥಿಸಿಕೊಳ್ಳುತ್ತಾಳೆ. ಮೂಲದಲ್ಲಿ ಏಕಪಕ್ಷೀಯವಾಗಿದ್ದ ವಾದಕ್ಕೆ ಇಲ್ಲಿ ಪ್ರತಿವಾದಿ ಸಿಕ್ಕಿದ್ದಾಳೆ, ನಾಯಕನ ಜಂಬವೂ ಪ್ರಶ್ನೆಗೊಳಗಾಗಿದೆ.

ಇಷ್ಟಾದರೂ ರೂಪಾಂತರದಲ್ಲಿ ಕಳೆದುಹೋದದ್ದನ್ನು ಒಪ್ಪಿಕೊಳ್ಳಬೇಕು. ಅಣಕು ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ಓದುವ ಓದುಗ, ಅದನ್ನು ಕೊಂಡು ಮೆಚ್ಚಿದವರ ಸಾಲಿನಲ್ಲಿ ತಾನೂ ನಿಂತಿರುವುದನ್ನು ಕಂಡು ಬೆಚ್ಚುತ್ತಾನೆ. ಪ್ರೇಕ್ಷಕನಿಗೆ ಆ ಇರುಸುಮುರುಸು ಒದಗುವುದಿಲ್ಲ. ಜೆಫರ್ಸನ್ ಈ ಕೊರತೆಯನ್ನು ಮುಕ್ತಾಯದಲ್ಲಿ ತುಂಬಲು ಯತ್ನಿಸಿದ್ದಾರೆ: ಮಂಕ್ ತನ್ನ ಕಥೆಯನ್ನೇ ಸಿನಿಮಾ ಮಾಡಹೊರಟ ನಿರ್ದೇಶಕನಿಗೆ ಒಂದಾದ ಮೇಲೊಂದರಂತೆ ಮೂರು ಅಂತ್ಯಗಳನ್ನು ಹೇಳುತ್ತಾನೆ, ನಿರ್ದೇಶಕ ಕುಣಿದಾಡುವುದು ನಾಯಕನೇ ಪೊಲೀಸರ ಗುಂಡಿಗೆ ಬೀಳುವ ಅಂತ್ಯಕ್ಕೆ. ಅಲ್ಲಿ ಪ್ರೇಕ್ಷಕನೂ ತಾನು ಯಾವ ಅಂತ್ಯಕ್ಕಾಗಿ ಕಾದಿದ್ದೆನೆಂದು ಕೇಳಿಕೊಳ್ಳಬೇಕಾಗುತ್ತದೆ.

2024ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿ ಈ ಕೃತಿಗೆ ಸಂದದ್ದು ನ್ಯಾಯವಾಗಿಯೇ ಇದೆ. ಆದರೆ ಆಸಕ್ತರು ಪುಸ್ತಕವನ್ನು ಮೊದಲು ಓದಿ, ಚಿತ್ರವನ್ನು ಆಮೇಲೆ ನೋಡಲಿ. ಜೆಫರ್ಸನ್ ಕೈಬಿಟ್ಟದ್ದು ಏನೆಂದು ತಿಳಿದವರಿಗೇ ಅವರು ಕಟ್ಟಿದ್ದರ ಬೆಲೆ ತಿಳಿಯುತ್ತದೆ.